ಕೆರೆಯ ಉಸಿರನ್ನು ಅಳೆಯೋಣ: ನೀರಿನಲ್ಲಿ ಕರಗಿದ ಆಮ್ಲಜನಕದ ಪರೀಕ್ಷೆ



ಬೇಸಿಗೆ ಬಂತೆಂದರೆ "ಕೆರೆಯಲ್ಲಿ ಮೀನು ಸತ್ತು ತೇಲುತ್ತಿವೆ" ಎಂಬ ಸುದ್ದಿಯನ್ನು ಒಂದಲ್ಲ ಒಂದು ಊರಿನಿಂದ ಕೇಳುತ್ತೇವೆ. ಹಿಂದಿನ ಸಂಜೆ ಚೆನ್ನಾಗಿಯೇ ಓಡಾಡಿಕೊಂಡಿದ್ದ ಮೀನುಗಳು ಬೆಳಗಾಗುವುದರೊಳಗೆ ಹೊಟ್ಟೆ ಮೇಲಾಗಿ ದಡಕ್ಕೆ ಬಂದಿರುತ್ತವೆ. ಕೂಡಲೇ ಊರಿನಲ್ಲಿ ಒಂದು ಮಾತು ಹುಟ್ಟುತ್ತದೆ: "ಯಾರೋ ವಿಷ ಹಾಕಿದ್ದಾರೆ." ಮೀನು ಸಾಕಲು ಕೆರೆಯನ್ನು ಗುತ್ತಿಗೆ ಹಿಡಿದವರು ತಮಗಾಗದವರ ಮೇಲೆ ಅನುಮಾನ ಪಡುತ್ತಾರೆ. ಮಾತಿಗೆ ಮಾತು ಬೆಳೆದು ಜಗಳ ಪೊಲೀಸ್ ಠಾಣೆಯವರೆಗೂ ಹೋಗುವುದುಂಟು.

ವಿಷ ಹಾಕುವವರು ಇಲ್ಲವೇ ಇಲ್ಲ ಎನ್ನಲಾಗದು. ಆದರೆ ಎಷ್ಟೋ ಸಲ ಅಲ್ಲಿ ವಿಷವೂ ಇರುವುದಿಲ್ಲ, ಹಾಕಿದವರೂ ಇರುವುದಿಲ್ಲ. ಮೀನುಗಳು ಉಸಿರುಕಟ್ಟಿ ಸತ್ತಿರುತ್ತವೆ. ನೀರಿನಲ್ಲೇ ಹುಟ್ಟಿ ನೀರಿನಲ್ಲೇ ಬೆಳೆದ ಮೀನಿಗೆ ನೀರಿನೊಳಗೆ ಉಸಿರುಕಟ್ಟುವುದು ಹೇಗೆ? ಅದನ್ನು ಕಂಡುಹಿಡಿಯುವುದು ಹೇಗೆ? ಯಾವ ಹೊತ್ತಿನಲ್ಲಿ ಪರೀಕ್ಷಿಸಿದರೆ ನಿಜ ತಿಳಿಯುತ್ತದೆ? ಈ ಪಾಠದಲ್ಲಿ ಇವುಗಳಿಗೆ ಉತ್ತರ ಹುಡುಕೋಣ.

ನೀರಿನಲ್ಲಿ ಎರಡು ಬಗೆಯ ಆಮ್ಲಜನಕ

ನೀರಿನ ಒಂದು ಅಣುವಿನಲ್ಲಿ ಎರಡು ಜಲಜನಕ ಮತ್ತು ಒಂದು ಆಮ್ಲಜನಕದ ಪರಮಾಣುಗಳಿವೆ ಎಂದು ನೀವು ಓದಿದ್ದೀರಿ. "ಹಾಗಾದರೆ ನೀರು ಇರುವಷ್ಟು ದಿನ ಮೀನಿಗೆ ಆಮ್ಲಜನಕದ ಕೊರತೆ ಹೇಗೆ ಬರುತ್ತದೆ, ಸಾರ್?" ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆದರೆ ಆ ಆಮ್ಲಜನಕ ಜಲಜನಕದೊಂದಿಗೆ ಗಟ್ಟಿಯಾಗಿ ಬೆಸೆದುಕೊಂಡಿದೆ. ಮೀನಿನ ಕಿವಿರುಗಳಿಗೆ ಅದನ್ನು ಬಿಡಿಸಿಕೊಳ್ಳುವ ಶಕ್ತಿ ಇಲ್ಲ.

ಮೀನು ಉಸಿರಾಡುವುದು ಬೇರೆಯದೇ ಆಮ್ಲಜನಕವನ್ನು. ಗಾಳಿಯಲ್ಲಿರುವ ಆಮ್ಲಜನಕವು ಸಕ್ಕರೆ ಕರಗುವಂತೆ ಸ್ವಲ್ಪ ಸ್ವಲ್ಪವಾಗಿ ನೀರಿನಲ್ಲಿ ಕರಗಿರುತ್ತದೆ. ಇದನ್ನು 'ಕರಗಿದ ಆಮ್ಲಜನಕ' ಎನ್ನುತ್ತಾರೆ. ಇದು ಕಣ್ಣಿಗೆ ಕಾಣುವುದಿಲ್ಲ, ಗುಳ್ಳೆಯಾಗಿಯೂ ಇರುವುದಿಲ್ಲ. ಮೀನು ಬಾಯಿಯಿಂದ ನೀರನ್ನು ಒಳಗೆ ತೆಗೆದುಕೊಂಡು ಕಿವಿರುಗಳ ಮೂಲಕ ಹೊರಗೆ ಬಿಡುತ್ತದೆ. ಆಗ ಕರಗಿದ ಆಮ್ಲಜನಕವು ಕಿವಿರಿನ ತೆಳುವಾದ ಪೊರೆಯನ್ನು ದಾಟಿ ರಕ್ತಕ್ಕೆ ಸೇರುತ್ತದೆ.

ಎಷ್ಟು ಕರಗುತ್ತದೆ?

ಬಹಳ ಕಡಿಮೆ. ನಾವು ಉಸಿರಾಡುವ ಒಂದು ಲೀಟರ್ ಗಾಳಿಯಲ್ಲಿ ಸುಮಾರು 275 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಒಂದು ಲೀಟರ್ ಕೆರೆಯ ನೀರಿನಲ್ಲಿ ಸಾಮಾನ್ಯವಾಗಿ 7–8 ಮಿಲಿಗ್ರಾಂ ಮಾತ್ರ. ನಮಗೆ ಸಿಗುವುದರ ಮೂವತ್ತನೆಯ ಒಂದು ಭಾಗದಷ್ಟರಲ್ಲಿ ಮೀನು ಬದುಕಬೇಕು. ಅದಕ್ಕೇ ಸ್ವಲ್ಪ ಕಡಿಮೆಯಾದರೂ ಅದಕ್ಕೆ ಕಷ್ಟ.

ನೀರು ಬಿಸಿಯಾದಂತೆ ಅದರಲ್ಲಿ ಕರಗುವ ಅನಿಲದ ಪ್ರಮಾಣ ಕಡಿಮೆಯಾಗುತ್ತದೆ. ಸಮುದ್ರ ಮಟ್ಟದಲ್ಲಿ ಶುದ್ಧ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಹೀಗಿದೆ:

0 ಡಿಗ್ರಿ ಸೆಲ್ಸಿಯಸ್ – ಲೀಟರಿಗೆ 14.6 ಮಿ.ಗ್ರಾಂ
10 ಡಿಗ್ರಿ – 11.3 ಮಿ.ಗ್ರಾಂ
20 ಡಿಗ್ರಿ – 9.1 ಮಿ.ಗ್ರಾಂ
25 ಡಿಗ್ರಿ – 8.3 ಮಿ.ಗ್ರಾಂ
30 ಡಿಗ್ರಿ – 7.6 ಮಿ.ಗ್ರಾಂ
35 ಡಿಗ್ರಿ – 7.0 ಮಿ.ಗ್ರಾಂ

ಎತ್ತರದ ಪ್ರದೇಶಗಳಲ್ಲಿ ಗಾಳಿಯ ಒತ್ತಡ ಕಡಿಮೆ. ಆದ್ದರಿಂದ ಅಲ್ಲಿ ಕರಗುವ ಆಮ್ಲಜನಕವೂ ಕಡಿಮೆ. ನಮ್ಮ ದಾವಣಗೆರೆ ಜಿಲ್ಲೆಯ ಬಯಲು ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಹೀಗಾಗಿ ಮೇಲಿನ ಅಂಕಿಗಳಲ್ಲಿ ಶೇಕಡಾ 7ರಷ್ಟನ್ನು ಕಳೆಯಬೇಕು. ನೀರಿನ ಉಷ್ಣತೆ 30 ಡಿಗ್ರಿ ಇದ್ದಾಗ ನಮ್ಮ ಕೆರೆಗಳು ಗಾಳಿಯಿಂದ ಪಡೆದು ಇಟ್ಟುಕೊಳ್ಳಬಲ್ಲದ್ದು ಸುಮಾರು 7 ಮಿ.ಗ್ರಾಂ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮ್ಲಜನಕದ ಜಮಾ–ಖರ್ಚು

ಮನೆಯ ಲೆಕ್ಕದ ಪುಸ್ತಕದಲ್ಲಿ ಜಮಾ ಒಂದು ಕಡೆ, ಖರ್ಚು ಒಂದು ಕಡೆ ಬರೆಯುತ್ತಾರಲ್ಲವೇ? ಕೆರೆಗೂ ಅಂಥದೊಂದು ಲೆಕ್ಕವಿದೆ.

ಜಮಾ ಎರಡು ದಾರಿಯಿಂದ ಬರುತ್ತದೆ. ಮೊದಲನೆಯದು ಗಾಳಿ. ಅಲೆ ಎದ್ದಾಗ, ನೀರು ಕಲ್ಲಿನ ಮೇಲೆ ಬಿದ್ದು ನೊರೆಯಾದಾಗ, ತೂಬಿನಿಂದ ಧುಮುಕಿದಾಗ ಗಾಳಿ ನೀರಿನೊಂದಿಗೆ ಬೆರೆಯುತ್ತದೆ. ಅಲುಗಾಡದೆ ನಿಂತ ನೀರಿನಲ್ಲಿ ಆಮ್ಲಜನಕ ಮೇಲಿನಿಂದ ಕೆಳಕ್ಕೆ ಹೋಗುವುದು ಅತಿ ನಿಧಾನ. ಎರಡನೆಯದು ನೀರಿನ ಹಸಿರು ಸಸ್ಯಗಳು ಮತ್ತು ಪಾಚಿ. ಬಿಸಿಲಿನಲ್ಲಿ ಅವು ದ್ಯುತಿಸಂಶ್ಲೇಷಣೆ ನಡೆಸಿ ಆಮ್ಲಜನಕವನ್ನು ನೀರಿಗೇ ಬಿಡುತ್ತವೆ.

ಖರ್ಚು ಮಾಡುವವರು ಹಲವರು. ಮೀನು, ಏಡಿ, ಬಸವನಹುಳು, ನೀರಿನ ಕೀಟಗಳು. ಅದೇ ಪಾಚಿ ಕೂಡ ಖರ್ಚು ಮಾಡುತ್ತದೆ, ಏಕೆಂದರೆ ಸಸ್ಯಗಳು ಹಗಲೂ ರಾತ್ರಿ ಉಸಿರಾಡುತ್ತವೆ. ಇವರೆಲ್ಲರಿಗಿಂತ ದೊಡ್ಡ ಖರ್ಚುಗಾರರು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಚರಂಡಿ ನೀರು, ಸಗಣಿ, ಕೊಳೆತ ಎಲೆ, ಹಬ್ಬದಲ್ಲಿ ಹಾಕಿದ ಹೂವು–ಬಾಳೆಕಂದು, ಅಡಿಕೆ ಬೇಯಿಸಿ ಉಳಿದ ಚೊಗರು ನೀರು ಇವೆಲ್ಲ ಕೆರೆಗೆ ಸೇರಿದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ಅವು ತಿಂದು ಬೆಳೆಯುವಾಗ ನೀರಿನ ಆಮ್ಲಜನಕವನ್ನು ಬಳಸುತ್ತವೆ. ಹೊಲಸು ಹೆಚ್ಚಿದಷ್ಟೂ ಖರ್ಚು ಹೆಚ್ಚು.

ಹಗಲು ಸಾಹುಕಾರ, ಬೆಳಗಿನ ಜಾವ ಬಡವ

ಈಗ ಈ ಪಾಠದ ಮುಖ್ಯ ವಿಷಯಕ್ಕೆ ಬರೋಣ. ಹಗಲಿನಲ್ಲಿ ಜಮಾ, ಖರ್ಚು ಎರಡೂ ನಡೆಯುತ್ತವೆ. ಸೂರ್ಯ ಮುಳುಗಿದ ಮೇಲೆ ದ್ಯುತಿಸಂಶ್ಲೇಷಣೆ ನಿಲ್ಲುತ್ತದೆ, ಖರ್ಚು ಮಾತ್ರ ರಾತ್ರಿಯಿಡೀ ನಿಲ್ಲದೆ ಸಾಗುತ್ತದೆ. ಆದ್ದರಿಂದ ಕೆರೆಯಲ್ಲಿ ಆಮ್ಲಜನಕ ಅತಿ ಹೆಚ್ಚು ಇರುವುದು ಮಧ್ಯಾಹ್ನ 2ರಿಂದ 4 ಗಂಟೆಯ ಹೊತ್ತಿಗೆ. ಅತಿ ಕಡಿಮೆ ಇರುವುದು ಸೂರ್ಯೋದಯಕ್ಕೆ ಸ್ವಲ್ಪ ಮೊದಲು.

ತಿಳಿನೀರಿನ ಕೆರೆಯಲ್ಲಿ ಈ ಏರಿಳಿತ ಚಿಕ್ಕದು. ಹೊಲಗಳ ಗೊಬ್ಬರ, ಊರ ಬಚ್ಚಲು ನೀರು ಸೇರಿ ಪಾಚಿ ದಟ್ಟವಾಗಿ ಬೆಳೆದ ಕೆರೆಯಲ್ಲಿ ದೊಡ್ಡದು. ಉದಾಹರಣೆಗೆ, ಒಂದು ಹಸಿರು ಕೆರೆಯಲ್ಲಿ ಮಧ್ಯಾಹ್ನ 3 ಗಂಟೆಗೆ 11 ಮಿ.ಗ್ರಾಂ, ಮರುದಿನ ಬೆಳಿಗ್ಗೆ 6 ಗಂಟೆಗೆ 2 ಮಿ.ಗ್ರಾಂ ಬಂತು ಎಂದುಕೊಳ್ಳೋಣ. ಗಾಳಿಯಿಂದ ಸಿಗುವುದು 7 ಮಾತ್ರ, ಆದರೆ ಮಧ್ಯಾಹ್ನ 11 ಇದೆ. ಉಳಿದ 4 ಎಲ್ಲಿಂದ ಬಂತು? ಪಾಚಿಯಿಂದ. ಮಧ್ಯಾಹ್ನ ಮಾತ್ರ ಅಳೆದವರು "ಈ ಕೆರೆ ಬಹಳ ಚೆನ್ನಾಗಿದೆ" ಎಂದು ಬರೆದುಕೊಂಡು ಹೋಗುತ್ತಾರೆ. ಆದರೆ ಮೀನು ಬದುಕಬೇಕಾದದ್ದು ಬೆಳಗಿನ ಜಾವದ 2ರಲ್ಲಿ! ಮಧ್ಯಾಹ್ನ ಅತಿ ಹೆಚ್ಚು ತೋರಿಸುವ ಕೆರೆಯೇ ಬೆಳಗಿನ ಜಾವ ಅತಿ ಅಪಾಯದಲ್ಲಿರಬಹುದು.

ಎರಡು ಮೂರು ದಿನ ದಟ್ಟ ಮೋಡ ಕವಿದರೆ ಹಗಲಿನ ಜಮಾ ಕುಸಿಯುತ್ತದೆ. ಬೇಸಿಗೆಯ ಮೊದಲ ದೊಡ್ಡ ಮಳೆ ಊರಿನ ಕಸ–ಕೊಳೆಯನ್ನೆಲ್ಲ ತೊಳೆದು ಕೆರೆಗೆ ತರುತ್ತದೆ, ತಳದ ಕೆಸರನ್ನೂ ಕದಡುತ್ತದೆ. ಆಗ ಖರ್ಚು ಒಮ್ಮೆಲೇ ಏರುತ್ತದೆ. ಮಳೆ ಬಂದ ಸಂತೋಷದ ಮರುದಿನವೇ ಮೀನು ಸಾಯುವುದು ಇದೇ ಕಾರಣಕ್ಕೆ.

2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಚರಂಡಿ ನೀರು ಸೇರಿ ಆಮ್ಲಜನಕ ಕುಸಿದದ್ದೇ ಕಾರಣವೆಂದು ಆಗ ವರದಿಯಾಯಿತು. ರಾಜಧಾನಿಯ ಕೆರೆಗೂ ನಮ್ಮ ಹಳ್ಳಿಯ ಕೆರೆಗೂ ಲೆಕ್ಕದ ನಿಯಮ ಒಂದೇ.

ನಮ್ಮ ನಾಲ್ಕು ತಾಲ್ಲೂಕುಗಳ ನೀರು

ಚನ್ನಗಿರಿ: ಸೂಳೆಕೆರೆ ಎಂದು ಹೆಸರಾದ ಶಾಂತಿಸಾಗರ ಇಲ್ಲಿದೆ. ಹರಿದ್ರಾ ಹಳ್ಳಕ್ಕೆ ಶತಮಾನಗಳ ಹಿಂದೆ ಕಟ್ಟಿದ ಈ ಕೆರೆ ಏಷ್ಯಾದ ದೊಡ್ಡ ಕೆರೆಗಳಲ್ಲಿ ಒಂದು. ಚಿತ್ರದುರ್ಗಕ್ಕೂ ಇಲ್ಲಿಂದ ಕುಡಿಯುವ ನೀರು ಹೋಗುತ್ತದೆ. ಇಷ್ಟು ವಿಶಾಲವಾದ ನೀರಿನ ಮೇಲೆ ಗಾಳಿ ಬೀಸಿದಾಗ ಅಲೆ ಏಳುತ್ತದೆ, ಗಾಳಿ ಚೆನ್ನಾಗಿ ಬೆರೆಯುತ್ತದೆ. ಆದರೆ ಜೊಂಡು ಬೆಳೆದ ಮೂಲೆಯಲ್ಲಿ, ಹಳ್ಳ ಸೇರುವ ಬಾಯಿಯಲ್ಲಿ, ಏರಿಯ ಪಕ್ಕದಲ್ಲಿ ಅಳೆದರೆ ಮೂರು ಬೇರೆ ಬೇರೆ ಉತ್ತರ ಬರಬಹುದು. ದೊಡ್ಡ ಕೆರೆಯನ್ನು ಒಂದೇ ಜಾಗದ ಒಂದೇ ಬಾಟಲಿಯಿಂದ ಅಳೆಯಲಾಗದು.

ಹೊನ್ನಾಳಿ: ಇಲ್ಲಿ ತುಂಗಭದ್ರೆ ಹರಿಯುತ್ತಾಳೆ. ಹರಿಯುವ ನದಿಗೆ ಚರಂಡಿ ಸೇರಿದರೆ ಆಮ್ಲಜನಕ ಸೇರಿದ ಜಾಗದಲ್ಲೇ ಕನಿಷ್ಠಕ್ಕೆ ಇಳಿಯುವುದಿಲ್ಲ. ಬ್ಯಾಕ್ಟೀರಿಯಾಗಳು ಕೆಲಸ ಶುರುಮಾಡಿದಂತೆ ಕೆಳಗೆ ಹೋಗುತ್ತಾ ಇಳಿಯುತ್ತದೆ, ಒಂದು ಕಡೆ ತೀರಾ ಕಡಿಮೆಯಾಗುತ್ತದೆ, ಮತ್ತೆ ನಿಧಾನವಾಗಿ ಏರುತ್ತದೆ. ಅಮೆರಿಕದ ಓಹಿಯೋ ನದಿಯನ್ನು ಅಧ್ಯಯನ ಮಾಡಿದ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಎಂಬುವರು 1925ರಲ್ಲಿ ಇದನ್ನು ಗಣಿತದ ಸೂತ್ರವಾಗಿ ಬರೆದರು. ಬೇಸಿಗೆಯಲ್ಲಿ ಹರಿವು ಕಡಿಮೆಯಾದಾಗ ನದಿ ಚೇತರಿಸಿಕೊಳ್ಳುವುದು ಕಷ್ಟ. ಕಾರ್ಖಾನೆಯ ತ್ಯಾಜ್ಯದಿಂದ ನೀರು ಕೆಟ್ಟು ಮೀನು ಸಾಯುತ್ತಿವೆಯೆಂದು ಹರಿಹರದ ಕೆಳಭಾಗದ ನದಿದಂಡೆಯ ಜನ 1980ರ ದಶಕದಲ್ಲಿ ಹೋರಾಟ ನಡೆಸಿದ್ದನ್ನು ನಿಮ್ಮ ಅಜ್ಜ–ಅಜ್ಜಿಯರು ಬಲ್ಲರು.

ನ್ಯಾಮತಿ: ಹಿಂದೆ ಹೊನ್ನಾಳಿಗೆ ಸೇರಿದ್ದ ಈ ತಾಲ್ಲೂಕಿನಲ್ಲಿ ಸವಳಂಗದ ಕೆರೆಯಂಥ ಕೆರೆಗಳಿವೆ. ಮಲೆನಾಡಿನ ಸೆರಗಿನ ಈ ಭಾಗದಲ್ಲಿ ಗದ್ದೆ, ತೋಟ, ಮೆಕ್ಕೆಜೋಳದ ಹೊಲಗಳಿಂದ ಇಳಿದ ನೀರು ಕೆರೆ–ಕಟ್ಟೆಗಳಿಗೆ ಬರುತ್ತದೆ. ಯೂರಿಯಾ ಹೊಲದಲ್ಲಿ ಬೆಳೆಗೆ ಗೊಬ್ಬರ, ಕೆರೆಯಲ್ಲಿ ಪಾಚಿಗೆ ಗೊಬ್ಬರ. ಇನ್ನು ಕೆರೆಯ ಮೇಲೆ ಅಂತರಗಂಗೆ ಚಾಪೆಯಂತೆ ಹಾಸಿಕೊಂಡರೆ ಬಿಸಿಲೂ ಒಳಗೆ ಹೋಗದು, ಗಾಳಿಯೂ ಬೆರೆಯದು. ಅದರ ಎಲೆಗಳು ಬಿಡುವ ಆಮ್ಲಜನಕ ನೀರಿಗಲ್ಲ, ಮೇಲಿನ ಗಾಳಿಗೆ ಹೋಗುತ್ತದೆ. ಹಸಿರಾಗಿ ಕಾಣುವ ಕೆರೆಯೆಲ್ಲ ಆರೋಗ್ಯವಾಗಿದೆ ಎನ್ನಲಾಗದು.

ಜಗಳೂರು: ಮಳೆ ಕಡಿಮೆ, ಬಿಸಿಲು ಹೆಚ್ಚು. ಬೇಸಿಗೆಯಲ್ಲಿ ನೀರು ತಳಕ್ಕಿಳಿದಾಗ ಅದು ಬೇಗ ಕಾಯುತ್ತದೆ. ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಆದರೆ ಬಿಸಿ ನೀರಿನಲ್ಲಿ ಮೀನಿನ ಉಸಿರಾಟ ಹೆಚ್ಚುತ್ತದೆ. ಜಮಾ ಕಡಿಮೆ, ಖರ್ಚು ಹೆಚ್ಚು! ತುಂಗಭದ್ರೆಯ ನೀರನ್ನು ಎತ್ತಿ ಜಗಳೂರು ಭಾಗದ 57 ಕೆರೆಗಳನ್ನು ತುಂಬಿಸುವ ಯೋಜನೆಯ ಬಗ್ಗೆ ನಿಮಗೆ ಗೊತ್ತು. ಕೊಳವೆಯಿಂದ ನೀರು ಧುಮುಕುವ ಜಾಗದಲ್ಲಿ ಗಾಳಿ ಹೇಗೆ ಬೆರೆಯುತ್ತದೆ ಎಂಬುದನ್ನು ದೂರದಿಂದ ಗಮನಿಸಿ. ಆಳದ ಕೊಳವೆಬಾವಿಯ ನೀರು ಬಹುಕಾಲ ಗಾಳಿಯನ್ನೇ ಕಂಡಿರುವುದಿಲ್ಲ. ಅದರಲ್ಲಿ ಆಮ್ಲಜನಕ ಕಡಿಮೆ ಇರುವುದು ಸಾಮಾನ್ಯ. ಕೃಷಿ ಹೊಂಡದಲ್ಲಿ ಮೀನು ಸಾಕುವವರು ಆ ನೀರನ್ನು ಎತ್ತರದಿಂದ ಬೀಳಿಸಿ ತುಂಬಿಸಬೇಕು.

ಮಾಡಿ ನೋಡಿ

ಚಟುವಟಿಕೆ 1: ಒಂದು ಗಾಜಿನ ಲೋಟದಲ್ಲಿ ತಣ್ಣನೆಯ ನೀರನ್ನು ತುಂಬಿ ಬಿಸಿಲಿನಲ್ಲಿಡಿ. ಒಂದೆರಡು ಗಂಟೆಯ ನಂತರ ಒಳಗೋಡೆಗೆ ಸಣ್ಣ ಸಣ್ಣ ಗುಳ್ಳೆಗಳು ಅಂಟಿಕೊಂಡಿರುತ್ತವೆ. ನೀರು ಕುದಿದಿಲ್ಲ, ಆದ್ದರಿಂದ ಅವು ಹಬೆಯಲ್ಲ. ನೀರು ಬೆಚ್ಚಗಾದಾಗ ಹೊರಬಂದ, ಮೊದಲು ಕರಗಿದ್ದ ಗಾಳಿ.

ಚಟುವಟಿಕೆ 2: ಹೈಡ್ರಿಲ್ಲಾ ಗಿಡದ ಕೆಲವು ಕಡ್ಡಿಗಳನ್ನು ನೀರು ತುಂಬಿದ ಗಾಜಿನ ಪಾತ್ರೆಯಲ್ಲಿ ಇಟ್ಟು ಬಿಸಿಲಿಗೆ ಇಡಿ. ಕಡ್ಡಿ ಮುರಿದ ತುದಿಯಿಂದ ಏಳುವ ಗುಳ್ಳೆಗಳನ್ನು ಒಂದು ನಿಮಿಷ ಎಣಿಸಿ. ನಂತರ ಪಾತ್ರೆಯನ್ನು ನೆರಳಿಗೆ ತಂದು ಹತ್ತು ನಿಮಿಷ ಬಿಟ್ಟು ಮತ್ತೆ ಎಣಿಸಿ. ರಾತ್ರಿ ಎಷ್ಟು ಗುಳ್ಳೆ ಬರಬಹುದು? ಊಹಿಸಿ.

ಚಟುವಟಿಕೆ 3: ಇದಕ್ಕೆ ಮಿಥಿಲೀನ್ ನೀಲಿ ದ್ರಾವಣ ಬೇಕು. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಅಥವಾ ಬಣ್ಣದ ಮೀನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಪೆನ್ನಿನ ಶಾಯಿ ಇದಕ್ಕೆ ಬದಲಿಯಲ್ಲ. ಬೆಚ್ಚಗಿನ ನೀರಿಗೆ ಅರ್ಧ ಚಮಚ ಸಕ್ಕರೆ, ಕಾಲು ಚಮಚ ಬೇಕರಿಯ ಯೀಸ್ಟ್ ಸೇರಿಸಿ ಕಲಕಿ. ಎರಡು ಮೂರು ಹನಿ ಮಿಥಿಲೀನ್ ನೀಲಿ ಹಾಕಿ. ಸಣ್ಣ ಬಾಟಲಿಯಲ್ಲಿ ಕುತ್ತಿಗೆಯವರೆಗೂ ತುಂಬಿ ಮುಚ್ಚಿಡಿ. ಸ್ವಲ್ಪ ಹೊತ್ತಿನಲ್ಲಿ ನೀಲಿ ಮಾಯವಾಗುತ್ತದೆ. ಯೀಸ್ಟ್ ಉಸಿರಾಡಿ ಆಮ್ಲಜನಕ ಮುಗಿದಾಗ ಈ ಬಣ್ಣ ಹೋಗುತ್ತದೆ. ಈಗ ಅದನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಚಹಾ ಆರಿಸುವಂತೆ ಎತ್ತರದಿಂದ ಸುರಿಯಿರಿ. ನೀಲಿ ಮರಳಿ ಬರುತ್ತದೆ! ಏಕೆಂದು ನೀವೇ ಹೇಳಿ.

ಚಟುವಟಿಕೆ 4: ಒಂದೇ ಅಳತೆಯ ಮೂರು ಬಾಟಲಿಗಳಲ್ಲಿ ನಲ್ಲಿಯ ನೀರು, ಕೆರೆಯ ನೀರು, ಚರಂಡಿ ಸೇರುವ ಕಡೆಯ ನೀರು ತುಂಬಿ. ಪ್ರತಿಯೊಂದಕ್ಕೂ ಅಷ್ಟೇ ಹನಿ ಮಿಥಿಲೀನ್ ನೀಲಿ ಹಾಕಿ, ಗುಳ್ಳೆ ಇಲ್ಲದಂತೆ ಬಿಗಿಯಾಗಿ ಮುಚ್ಚಿ, ಕತ್ತಲೆಯ ಕಪಾಟಿನಲ್ಲಿಡಿ. ದಿನವೂ ನೋಡಿ. ಯಾವುದರ ಬಣ್ಣ ಮೊದಲು ಹೋಯಿತು? ಅದೇ ಆಮ್ಲಜನಕವನ್ನು ಬೇಗ ಖರ್ಚು ಮಾಡುವ ನೀರು. ಇದು ಆಮ್ಲಜನಕದ ಪ್ರಮಾಣವನ್ನು ಹೇಳುವುದಿಲ್ಲ, ಖರ್ಚಿನ ವೇಗವನ್ನು ತೋರಿಸುತ್ತದೆ. ಚರಂಡಿ ನೀರನ್ನು ಶಿಕ್ಷಕರೇ ಕೈಗವಸು ಹಾಕಿಕೊಂಡು ತುಂಬಬೇಕು. ಮಿಥಿಲೀನ್ ನೀಲಿ ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ. ಎಲ್ಲ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ವಿಂಕ್ಲರ್ ವಿಧಾನ

ಪ್ರಮಾಣವನ್ನು ಅಂಕಿಯಲ್ಲಿ ಹೇಳಬೇಕಾದರೆ ರಸಾಯನಶಾಸ್ತ್ರದ ನೆರವು ಬೇಕು. ಹಂಗೇರಿಯ ಲಾಯೋಷ್ ವಿಂಕ್ಲರ್ ಎಂಬ ಯುವಕ ಬುಡಾಪೆಸ್ಟ್‌ನಲ್ಲಿ 1888ರಲ್ಲಿ ಒಂದು ವಿಧಾನವನ್ನು ಪ್ರಕಟಿಸಿದರು. ಆಗ ಅವರಿಗೆ 25 ವರ್ಷವೂ ತುಂಬಿತ್ತೋ ಇಲ್ಲವೋ ಎಂಬ ವಯಸ್ಸು. ಸಣ್ಣಪುಟ್ಟ ಸುಧಾರಣೆಗಳೊಂದಿಗೆ ಆ ವಿಧಾನ ಇಂದಿಗೂ ಬಳಕೆಯಲ್ಲಿದೆ. ಇದನ್ನು ಶಿಕ್ಷಕರು ಮಾಡಬೇಕು, ಮಕ್ಕಳು ನೋಡಬೇಕು. ಏಕೆಂದರೆ ಇದರಲ್ಲಿ ಪ್ರಬಲ ಸಲ್ಫ್ಯೂರಿಕ್ ಆಮ್ಲವೂ ವಿಷಕಾರಿ ರಾಸಾಯನಿಕವೂ ಇವೆ.

1. ನೀರನ್ನು ತುಂಬುವುದು: 300 ಮಿಲಿಲೀಟರ್‌ನ, ಗಾಜಿನ ಬಿರಡೆ ಇರುವ ಬಾಟಲಿಯನ್ನು ನೀರಿನೊಳಗೆ ಮುಳುಗಿಸಿ ನಿಧಾನವಾಗಿ ತುಂಬಬೇಕು. ಒಂದು ಗುಳ್ಳೆಯೂ ಉಳಿಯಬಾರದು. ಬಕೆಟ್ಟಿನಿಂದ ಸುರಿದು ತುಂಬಿದರೆ ಹೊರಗಿನ ಗಾಳಿ ಬೆರೆತು ಉತ್ತರ ತಪ್ಪಾಗುತ್ತದೆ. ಆಗಲೇ ಥರ್ಮಾಮೀಟರಿನಿಂದ ನೀರಿನ ಉಷ್ಣತೆಯನ್ನೂ ಗುರುತು ಹಾಕಿಕೊಳ್ಳಬೇಕು.

2. ಆಮ್ಲಜನಕವನ್ನು ಹಿಡಿದಿಡುವುದು: ಕೆರೆಯ ದಡದಲ್ಲೇ 2 ಮಿ.ಲೀ. ಮ್ಯಾಂಗನೀಸ್ ಸಲ್ಫೇಟ್ ದ್ರಾವಣವನ್ನು, ನಂತರ 2 ಮಿ.ಲೀ. ಕ್ಷಾರೀಯ ಅಯೋಡೈಡ್–ಅಜೈಡ್ ದ್ರಾವಣವನ್ನು ಪಿಪೆಟ್‌ನಿಂದ ಹಾಕಿ, ಬಿರಡೆ ಮುಚ್ಚಿ, ಬಾಟಲಿಯನ್ನು ಹಲವು ಬಾರಿ ತಲೆಕೆಳಗು ಮಾಡಬೇಕು. ಆಮ್ಲಜನಕ ಇದ್ದರೆ ಕಂದು ಬಣ್ಣದ ಪ್ರಕ್ಷೇಪ ಉಂಟಾಗುತ್ತದೆ. ಆಮ್ಲಜನಕ ಇಲ್ಲವೇ ಇಲ್ಲ ಎಂದಾದರೆ ಪ್ರಕ್ಷೇಪ ಬೆಳ್ಳಗಿರುತ್ತದೆ. ಅಂದರೆ ಕೆರೆಯ ಸ್ಥಿತಿಯ ಮೊದಲ ಸುಳಿವು ಅಲ್ಲೇ ಕಣ್ಣಿಗೆ ಬೀಳುತ್ತದೆ.

3. ಆಮ್ಲ ಸೇರಿಸುವುದು: ಪ್ರಕ್ಷೇಪ ತಳಕ್ಕೆ ಇಳಿದ ಮೇಲೆ 2 ಮಿ.ಲೀ. ಪ್ರಬಲ ಸಲ್ಫ್ಯೂರಿಕ್ ಆಮ್ಲ ಹಾಕಿದರೆ ಪ್ರಕ್ಷೇಪ ಕರಗುತ್ತದೆ. ನೀರಿನಲ್ಲಿದ್ದ ಆಮ್ಲಜನಕಕ್ಕೆ ಸರಿಸಮನಾದ ಅಯೋಡಿನ್ ಬಿಡುಗಡೆಯಾಗಿ ದ್ರಾವಣ ಹಳದಿ–ಕಂದು ಬಣ್ಣಕ್ಕೆ ತಿರುಗುತ್ತದೆ. ಇಲ್ಲಿಗೆ ಆಮ್ಲಜನಕ ಹಿಡಿದಿಟ್ಟಂತಾಯಿತು. ಈ ಬಾಟಲಿಯನ್ನು ಕತ್ತಲಲ್ಲಿಟ್ಟು ಕೆಲವು ಗಂಟೆಗಳೊಳಗೆ ಹತ್ತಿರದ ಪ್ರೌಢಶಾಲೆ ಅಥವಾ ಕಾಲೇಜಿನ ಪ್ರಯೋಗಾಲಯಕ್ಕೆ ಒಯ್ಯಬಹುದು.

4. ಅನುಮಾಪನ: ಇದರಲ್ಲಿ 200 ಮಿ.ಲೀ. ತೆಗೆದುಕೊಂಡು ಬ್ಯೂರೆಟ್‌ನಿಂದ 0.025 ನಾರ್ಮಲ್ ಸೋಡಿಯಂ ಥಯೋಸಲ್ಫೇಟ್ ದ್ರಾವಣವನ್ನು ಹನಿ ಹನಿಯಾಗಿ ಬಿಡಬೇಕು. ಬಣ್ಣ ಹುಲ್ಲಿನಂತೆ ತಿಳಿ ಹಳದಿಯಾದಾಗ ಪಿಷ್ಟದ ದ್ರಾವಣ ಹಾಕಿದರೆ ಕಡು ನೀಲಿಯಾಗುತ್ತದೆ. ಆಲೂಗಡ್ಡೆಯ ಮೇಲೆ ಅಯೋಡಿನ್ ಹಾಕಿದಾಗ ಬರುವ ಅದೇ ನೀಲಿ! ನೀಲಿ ಪೂರ್ತಿ ಮಾಯವಾಗುವವರೆಗೆ ಹನಿಗಳನ್ನು ಮುಂದುವರಿಸಬೇಕು.

ಲೆಕ್ಕ ಬಹಳ ಸುಲಭ. ಈ ಅಳತೆಗಳಲ್ಲಿ ಖರ್ಚಾದ ಪ್ರತಿ 1 ಮಿ.ಲೀ. ಥಯೋಸಲ್ಫೇಟ್ ಎಂದರೆ ಲೀಟರಿಗೆ 1 ಮಿ.ಗ್ರಾಂ ಆಮ್ಲಜನಕ. 6.2 ಮಿ.ಲೀ. ಖರ್ಚಾದರೆ ಉತ್ತರ 6.2 ಮಿ.ಗ್ರಾಂ.

ಈಗ ನೀರಿನಲ್ಲಿ ಅದ್ದಿದ ಕೂಡಲೇ ಅಂಕಿ ತೋರಿಸುವ ಮೀಟರುಗಳೂ ಬಂದಿವೆ. ಅವುಗಳಲ್ಲಿ ಒಂದು ಬಗೆಯ ಮೂಲ ಅಮೆರಿಕದ ಲೀಲಂಡ್ ಕ್ಲಾರ್ಕ್ 1950ರ ದಶಕದಲ್ಲಿ ರಕ್ತದ ಆಮ್ಲಜನಕ ಅಳೆಯಲು ರೂಪಿಸಿದ ಎಲೆಕ್ಟ್ರೋಡ್. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುತ್ತಿದ್ದ ಆಕ್ಸಿಮೀಟರ್ ನಿಮಗೆ ನೆನಪಿರಬಹುದು. ಅದು ಕೆಲಸ ಮಾಡುವ ರೀತಿ ಬೇರೆ, ಆದರೆ ಕೇಳುವ ಪ್ರಶ್ನೆ ಒಂದೇ: ಉಸಿರು ಸಾಕಷ್ಟಿದೆಯೇ?

ಅಂಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ನೀರನ್ನು ಬಳಕೆಗೆ ತಕ್ಕಂತೆ ವರ್ಗೀಕರಿಸಿದೆ. ಸೋಂಕು ನಿವಾರಣೆಯಷ್ಟೇ ಮಾಡಿ ಕುಡಿಯಲು ಬಳಸುವ ಮೂಲದಲ್ಲಿ ಕನಿಷ್ಠ 6 ಮಿ.ಗ್ರಾಂ, ಸ್ನಾನದ ಘಟ್ಟದಲ್ಲಿ 5 ಮಿ.ಗ್ರಾಂ, ಮೀನು ಮತ್ತು ವನ್ಯಜೀವಿಗಳಿಗೆ 4 ಮಿ.ಗ್ರಾಂ ಇರಬೇಕು. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಚೆನ್ನಾಗಿ ಬೆಳೆಯಲು 5ಕ್ಕಿಂತ ಹೆಚ್ಚಿರುವುದು ಒಳ್ಳೆಯದು. 2ಕ್ಕಿಂತ ಕೆಳಗಿಳಿದು ಹಾಗೆಯೇ ಉಳಿದರೆ ಅವುಗಳ ಜೀವಕ್ಕೇ ಅಪಾಯ.

ಆದರೆ ಇದು ಕುಡಿಯುವ ನೀರಿನ ಪೂರ್ಣ ಪರೀಕ್ಷೆಯಲ್ಲ. ಆಮ್ಲಜನಕ 7 ಇದ್ದರೂ ನೀರಿನಲ್ಲಿ ರೋಗಾಣು ಇರಬಹುದು. ಜಗಳೂರು ಭಾಗದ ಕೊಳವೆಬಾವಿಗಳನ್ನು ಕಾಡುವ ಫ್ಲೋರೈಡ್ ಇದೆಯೋ ಇಲ್ಲವೋ ಎಂಬುದನ್ನೂ ಈ ಪರೀಕ್ಷೆ ಹೇಳದು. ಹಾಗೆಯೇ ಕೊಳವೆಬಾವಿಯ ನೀರಿನಲ್ಲಿ ಆಮ್ಲಜನಕ ಕಡಿಮೆ ಇದ್ದ ಮಾತ್ರಕ್ಕೆ ಅದು ಕುಡಿಯುವವರಿಗೆ ಕೆಟ್ಟದ್ದೆಂದೂ ಅಲ್ಲ. ನಾವು ಉಸಿರಾಡುವುದು ಶ್ವಾಸಕೋಶದಿಂದ, ಹೊಟ್ಟೆಯಿಂದಲ್ಲ! ಒಂದು ಪರೀಕ್ಷೆ ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ.

ವಿಷವೋ, ಉಸಿರುಕಟ್ಟಿದ್ದೋ?

ಮೀನು ಸತ್ತಾಗ ದೂರುವ ಮೊದಲು ಈ ಗುರುತುಗಳನ್ನು ನೋಡಬೇಕು.

ಉಸಿರುಕಟ್ಟಿದ್ದರೆ: ಸಾವು ರಾತ್ರಿ ಕಳೆದು ಬೆಳಗಾಗುವಾಗ ಕಾಣುತ್ತದೆ. ಅದಕ್ಕೂ ಮೊದಲು ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಗುಟುಕರಿಸುತ್ತಿರುತ್ತವೆ. ದೊಡ್ಡ ಮೀನುಗಳು ಮೊದಲು ಸಾಯುತ್ತವೆ. ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲ ಕೊರವ, ಮುರಗೋಡು ಮೀನುಗಳು ಬದುಕಿ ಉಳಿಯುತ್ತವೆ. ಬೆಳಗಿನ ಜಾವದ ಪರೀಕ್ಷೆಯಲ್ಲಿ ಆಮ್ಲಜನಕ ತೀರಾ ಕಡಿಮೆ ಬರುತ್ತದೆ.

ವಿಷವಾಗಿದ್ದರೆ: ಹೊತ್ತು ಗೊತ್ತಿಲ್ಲ, ನಡುಹಗಲಿನಲ್ಲೂ ಸಾಯಬಹುದು. ಸಣ್ಣ ಮರಿಗಳೂ ಕೀಟಗಳೂ ಕೊರವವೂ ಸಾಯಬಹುದು. ಆಮ್ಲಜನಕ ಸಾಕಷ್ಟಿದ್ದರೂ ಸಾವು ನಡೆದಿರುತ್ತದೆ.

ಗುರುತುಗಳು ಸುಳಿವು ಮಾತ್ರ. ಸತ್ತ ಮೀನು ಕೊಳೆಯುವಾಗಲೂ ಆಮ್ಲಜನಕ ಖರ್ಚಾಗುತ್ತದೆ, ಆದ್ದರಿಂದ ತಡವಾಗಿ ಅಳೆದರೆ ಕಾರಣ ಯಾವುದು, ಪರಿಣಾಮ ಯಾವುದು ಎಂದು ಹೇಳುವುದು ಕಷ್ಟ. ಕೂಡಲೇ ಮೀನುಗಾರಿಕೆ ಇಲಾಖೆಗೆ ತಿಳಿಸಬೇಕು. ಅಂಥ ಮೀನನ್ನು ತಿನ್ನಬಾರದು.

ಮೀನು ಗುಟುಕರಿಸುವುದು ಕಂಡಾಗಲೇ ಎಚ್ಚೆತ್ತರೆ ಉಳಿಸಬಹುದು. ಪಂಪ್‌ಸೆಟ್‌ನಿಂದ ಕೆರೆಯ ನೀರನ್ನೇ ಎತ್ತಿ ತುಂತುರಾಗಿ ಮತ್ತೆ ಕೆರೆಗೇ ಬೀಳಿಸಬೇಕು. ಮೀನಿಗೆ ಆಹಾರ, ಸಗಣಿ, ಗೊಬ್ಬರ ಹಾಕುವುದನ್ನು ನಿಲ್ಲಿಸಬೇಕು. ಶಾಶ್ವತ ಪರಿಹಾರವೆಂದರೆ ಚರಂಡಿಯನ್ನು ಕೆರೆಗೆ ಬಿಡದಿರುವುದು. ಲಂಡನ್ನಿನ ಥೇಮ್ಸ್ ನದಿಯಲ್ಲಿ ಆಮ್ಲಜನಕ ಎಷ್ಟು ಕುಸಿದಿತ್ತೆಂದರೆ 1957ರಲ್ಲಿ ನಗರದ ಭಾಗದ ನದಿಯನ್ನು ಸತ್ತ ನದಿಯೆಂದೇ ಹೇಳಿದರು. ಕೊಳಚೆ ಶುದ್ಧೀಕರಣವನ್ನು ಸುಧಾರಿಸಿದ ಮೇಲೆ 1974ರಲ್ಲಿ ಅಲ್ಲಿ ಸಾಲ್ಮನ್ ಮೀನು ಮತ್ತೆ ಸಿಕ್ಕಿತು. ಅಷ್ಟು ದೊಡ್ಡ ನದಿ ಚೇತರಿಸಿಕೊಳ್ಳಬಹುದಾದರೆ ನಮ್ಮೂರ ಕೆರೆ ಏಕಾಗದು?

ನಿಮ್ಮ ಶಾಲೆಯ ಕೆರೆ ಪುಸ್ತಕ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ತಿಂಗಳಿಗೊಮ್ಮೆ, ಒಂದೇ ಜಾಗದಲ್ಲಿ, ಒಂದೇ ದಿನ ಬೆಳಿಗ್ಗೆ 6 ಗಂಟೆಗೆ ಮತ್ತು ಮಧ್ಯಾಹ್ನ 3 ಗಂಟೆಗೆ ಈ ವಿವರ ಬರೆಯಿರಿ: ದಿನಾಂಕ, ನೀರಿನ ಉಷ್ಣತೆ, ಮೋಡ ಇದೆಯೇ, ಗಾಳಿ ಇದೆಯೇ, ನೀರಿನ ಬಣ್ಣ, ವಾಸನೆ, ಮೀನು ಗುಟುಕರಿಸುತ್ತಿವೆಯೇ. ಶಿಕ್ಷಕರು ಪರೀಕ್ಷೆ ಮಾಡಿದ ದಿನ ಆಮ್ಲಜನಕದ ಅಂಕಿಯನ್ನೂ ಬರೆಯಿರಿ. ಬೆಳಗಿನ ವೀಕ್ಷಣೆಗೆ ಹಿರಿಯರೊಂದಿಗೇ ಹೋಗಿ. ಯಾವ ಕಾರಣಕ್ಕೂ ನೀರಿಗೆ ಇಳಿಯಬೇಡಿ. ಒಂದು ವರ್ಷ ತುಂಬಿದಾಗ ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳಿ. "ಕೆರೆ ಕೆಟ್ಟಿದೆ" ಎಂಬ ಮಾತಿಗಿಂತ "ಬೆಳಿಗ್ಗೆ 6 ಗಂಟೆಗೆ ಇಷ್ಟಿತ್ತು" ಎಂಬ ಮಾತಿಗೆ ತೂಕ ಹೆಚ್ಚು.

ಯೋಚಿಸಿ, ಉತ್ತರಿಸಿ

1. 25 ಡಿಗ್ರಿಯ ನೀರಿನಲ್ಲಿ ನಮ್ಮ ಜಿಲ್ಲೆಯಲ್ಲಿ ಗಾಳಿಯಿಂದ ಎಷ್ಟು ಆಮ್ಲಜನಕ ಕರಗಬಹುದು? ಶೇಕಡಾ 7 ಕಳೆದು ಲೆಕ್ಕ ಮಾಡಿ.
2. ನೀರು ತುಂಬಿದ ಬಾಟಲಿಯಲ್ಲಿ ಗುಳ್ಳೆ ಉಳಿದರೆ ಉತ್ತರ ಹೆಚ್ಚು ಬರುತ್ತದೆಯೋ, ಕಡಿಮೆ ಬರುತ್ತದೆಯೋ? ಏಕೆ?
3. ಒಂದು ಕೆರೆಯಲ್ಲಿ ಬೆಳಿಗ್ಗೆ 5.5, ಮಧ್ಯಾಹ್ನ 7.2, ಇನ್ನೊಂದರಲ್ಲಿ ಬೆಳಿಗ್ಗೆ 1.8, ಮಧ್ಯಾಹ್ನ 12. ಮೀನುಮರಿ ಬಿಡಲು ಯಾವುದನ್ನು ಆರಿಸುತ್ತೀರಿ?
4. ಅಂತರಗಂಗೆಯೂ ಹಸಿರು, ಹೈಡ್ರಿಲ್ಲಾವೂ ಹಸಿರು. ನೀರಿಗೆ ಆಮ್ಲಜನಕ ಕೊಡುವುದು ಯಾವುದು?
5. ನಿಮ್ಮೂರ ಕೆರೆಗೆ ಸೇರುವ ನೀರಿನ ದಾರಿಗಳನ್ನೆಲ್ಲ ನಕ್ಷೆಯಲ್ಲಿ ಬರೆಯಿರಿ. ಅವುಗಳಲ್ಲಿ ಕೆರೆಯ ಖರ್ಚನ್ನು ಹೆಚ್ಚಿಸುವುವು ಯಾವುವು?